ಗಾಳಕ್ಕೆ ಬಿದ್ದ ಮೀನನ್ನು ಮರಳಿ ಬಿಡುವ ಮುನ್ನ

ಮಳೆಗಾಲ ಮುಗಿದು ಹಿನ್ನೀರು ತಿಳಿಯಾಗುತ್ತಿದ್ದಂತೆ ಈ ಅಂಕಣದ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ‘ಗಾಳಕ್ಕ ಬರೇ ಜಿಲೇಬಿ ಬೀಳ್ತಾವ್ರೀ, ತಿನ್ನಬಹುದೇನು?’ ‘ಹಾವುಮೀನ ವಿಷ ಅಂತಾರಲ್ರೀ, ಖರೇನಾ?’ ‘ಸಣ್ಣ ಮೀನಾಗ ಬರೇ ಮುಳ್ಳ ಇರ್ತಾವು, ಏನ್ ಮಾಡೂದು?’ ಕೇಳುವವರು ಬಾಗಲಕೋಟೆಯ ಹಿನ್ನೀರಿನ ದಂಡೆಯಲ್ಲಿ ರಜೆಯ ದಿನ ಗಾಳ ಹಾಕಿ ಕೂರುವವರು, ಪಟ್ಟದಕಲ್ಲಿನ ಬಳಿ ಮಲಪ್ರಭೆಯ ಮಡುವಿಗೆ ಹೋಗುವ ಬಾದಾಮಿ ಕಡೆಯ ಹುಡುಗರು, ಹುನಗುಂದ, ಇಳಕಲ್ಲಿನ ಸಂತೆಯಲ್ಲಿ ಮೀನು ಕೊಳ್ಳುವ ಗೃಹಿಣಿಯರು. ಎಲ್ಲರಿಗೂ ಚಿಕ್ಕ ಉತ್ತರ ಒಂದೇ: ಇವುಗಳಲ್ಲಿ ಬಹುಪಾಲು ಮೀನುಗಳನ್ನು ಧೈರ್ಯವಾಗಿ ತಿನ್ನಬಹುದು. ಆದರೆ ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ ಇದೆ. ಗಾಳಕ್ಕೆ ಬಿದ್ದ ಮೀನುಗಳಲ್ಲಿ ಯಾವುದನ್ನು ಮನೆಗೆ ಒಯ್ಯಬೇಕು, ಯಾವುದನ್ನು ನೀರಿಗೆ ಬಿಡಬೇಕು ಎಂಬ ಲೆಕ್ಕವನ್ನು ನಾವು ತಲೆಕೆಳಗು ಮಾಡಿಕೊಂಡಿದ್ದೇವೆ. ಬಿಡಬೇಕಾದ್ದನ್ನು ಚೀಲಕ್ಕೆ ಹಾಕಿಕೊಳ್ಳುತ್ತೇವೆ, ಬಿಡಬಾರದ್ದನ್ನು ನೀರಿಗೆ ಎಸೆಯುತ್ತೇವೆ.

ನಮ್ಮ ಜಿಲ್ಲೆಗೆ ನೀರಿನ ಕೊರತೆ ಇರಬಹುದು, ನದಿಗಳ ಕೊರತೆ ಇಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಇಲ್ಲಿ ಹರಿಯುತ್ತವೆ. ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಸೇರಿದರೆ ಮಲಪ್ರಭೆ ಕೂಡಲಸಂಗಮದಲ್ಲಿ ಸೇರುತ್ತದೆ. ಮೊದಲ ಸಂಗಮ ಆಲಮಟ್ಟಿಯ ಹಿನ್ನೀರಿಗೂ ಎರಡನೆಯದು ನಾರಾಯಣಪುರದ ಹಿನ್ನೀರಿಗೂ ಸೇರಿಕೊಂಡಿವೆ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟೆ 2006ರಲ್ಲಿ ಲೋಕಾರ್ಪಣೆಯಾಯಿತು. 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಅದರಲ್ಲಿ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿ ನವನಗರ ಹುಟ್ಟಿದ ಕಥೆ ನಮ್ಮವರಿಗೆ ಹೇಳಬೇಕಾಗಿಲ್ಲ. ಅದರ ಜೊತೆಗೇ ನಡೆದ ಇನ್ನೊಂದು ಬದಲಾವಣೆಯನ್ನು ಮಾತ್ರ ನಾವು ಅಷ್ಟಾಗಿ ಗಮನಿಸಲಿಲ್ಲ. ಹರಿಯುವ ನೀರಿನ ಮೀನುಗಳ ಜಾಗದಲ್ಲಿ ನಿಂತ ನೀರಿನ ಮೀನುಗಳು ಬಂದವು.

ಪೇಟೆಯಲ್ಲಿ ಬೆಲೆ ಇರುವುದು ರೋಹು, ಕಾಟ್ಲಾ, ಮೃಗಾಲ್ ಮೂರಕ್ಕೆ. ಈ ಮೂರೂ ಮೂಲತಃ ಗಂಗಾ ಬಯಲಿನವು. ಅವು ಇಲ್ಲಿ ಇಷ್ಟೊಂದು ಸಿಗುವುದಕ್ಕೆ ಕಾರಣ 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ನಡೆದ ಒಂದು ಪ್ರಯೋಗ. ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಜಾತಿಯ ಮೀನುಗಳು ಕೊಳದಲ್ಲೇ ಮೊಟ್ಟೆ ಇಡುವಂತೆ ಮಾಡಬಹುದು ಎಂಬುದನ್ನು ವಿಜ್ಞಾನಿ ಹೀರಾಲಾಲ್ ಚೌಧುರಿ ಅಂದು ತೋರಿಸಿಕೊಟ್ಟರು. ದೇಶದಲ್ಲಿ ಪ್ರತಿ ವರ್ಷ ಜುಲೈ 10ನ್ನು ಮೀನುಕೃಷಿಕರ ದಿನವಾಗಿ ಆಚರಿಸುವುದು ಅದೇ ನೆನಪಿಗೆ. ಅಲ್ಲಿಂದಾಚೆಗೆ ಮೀನುಮರಿಗಳನ್ನು ಬಿತ್ತನೆ ಬೀಜದಂತೆ ಬೆಳೆಸಿ ಕೆರೆ, ಜಲಾಶಯಗಳಿಗೆ ಬಿಡುವುದು ಸಾಧ್ಯವಾಯಿತು. ಅದರಿಂದ ಕೋಟ್ಯಂತರ ಜನರಿಗೆ ಅಗ್ಗದ ಪೌಷ್ಟಿಕ ಆಹಾರ ಸಿಕ್ಕಿದೆ, ಅದನ್ನು ಸಣ್ಣದೆನ್ನಲಾಗದು. ಆದರೆ ಎರಡು ತಲೆಮಾರು ಇದೇ ಮೂರು ಮೀನು ತಿಂದು ಬೆಳೆದ ನಮ್ಮ ನಾಲಿಗೆ ಮೀನೆಂದರೆ ಇಷ್ಟೇ ಎಂದುಕೊಂಡುಬಿಟ್ಟಿದೆ. ತೂಕದ ತಕ್ಕಡಿಗೆ ಏರದ ಮೀನು ಬಲೆಯಿಂದ ನೇರ ದಂಡೆಗೆ ಬೀಳುತ್ತದೆ.

ಆ ಮೀನನ್ನು ಯಾರೂ ತಿನ್ನುವುದಿಲ್ಲ ಎಂದಲ್ಲ. ಹಿಡಿಯುವವರ ಮನೆಯಲ್ಲಿ ತಿನ್ನುತ್ತಾರೆ. ಬಲೆ ಬಿಡಿಸುತ್ತ ಕೂತಿದ್ದ ಅಂಬಿಗರ ಹೆಣ್ಣುಮಗಳೊಬ್ಬರನ್ನು ಈ ಬಗ್ಗೆ ಕೇಳಿದ್ದೆ. ‘ಇವನ್ನ ಪ್ಯಾಟ್ಯಾಗ ಯಾರೂ ಕೇಳಂಗಿಲ್ರಿ ಅಣ್ಣಾ, ನಾವ ತಿಂತೀವಿ. ಮಾರೂ ಮೀನಿಗಿಂತ ಇದರ ರುಚಿನ ಬ್ಯಾರೆ’ ಅಂದರು. ಮುಳ್ಳು ಹೇಗೆ ಕಳೆಯಬೇಕು, ಕೆಸರಿನ ವಾಸನೆ ಹೇಗೆ ತೆಗೆಯಬೇಕು ಎಂಬುದನ್ನು ನಾನು ಕಲಿತಿದ್ದು ಇಂಥ ಮನೆಗಳಲ್ಲಿ. ನಂತರ ಪುಸ್ತಕಗಳನ್ನು ಓದಿದಾಗ ಅವರ ಒಂದೊಂದು ಪದ್ಧತಿಗೂ ಗಟ್ಟಿಯಾದ ಕಾರಣ ಇರುವುದು ತಿಳಿಯಿತು.

ಮೊದಲು ಮುಳ್ಳಿನ ಮಾತು. ಬೆರಳುದ್ದದ ಗೆಂಡೆ ಜಾತಿಯ ಮೀನುಗಳನ್ನು ಜನ ದೂರ ಇಡುವುದೇ ಇದಕ್ಕೆ. ನಡುಬೆನ್ನಿನ ಎಲುಬಿಗೆ ಅಂಟದೆ ಮಾಂಸದ ಪದರಗಳ ನಡುವೆ ಹುದುಗಿರುವ, ತುದಿ ಕವಲೊಡೆದ ಸಣ್ಣ ಮುಳ್ಳುಗಳು ಇವುಗಳಲ್ಲಿ ಸಾಲಾಗಿ ಇರುತ್ತವೆ. ರೋಹು, ಕಾಟ್ಲಾದಲ್ಲೂ ಇದೇ ಮುಳ್ಳು ಇದೆ. ಮೀನು ದೊಡ್ಡದಾದ್ದರಿಂದ ಅಲ್ಲಿ ಅದು ಬೆರಳಿಗೆ ಸಿಗುತ್ತದೆ, ಸಣ್ಣ ಮೀನಿನಲ್ಲಿ ಸಿಗುವುದಿಲ್ಲ, ಅಷ್ಟೇ ವ್ಯತ್ಯಾಸ. ಉಪಾಯ ಇರುವುದು ಕುಡಗೋಲಿನಲ್ಲಿ. ಪೊರೆ ಹೆರೆದು ಹೊಟ್ಟೆ ಶುಚಿ ಮಾಡಿದ ಮೀನಿನ ಎರಡೂ ಮಗ್ಗುಲಿಗೆ, ಜೋಳದ ಕಾಳಿನಷ್ಟು ಅಂತರ ಬಿಟ್ಟು, ನಡುಬೆನ್ನಿನ ಎಲುಬು ತಾಗುವವರೆಗೆ ಅಡ್ಡಡ್ಡ ಗೀರಬೇಕು. ಉಪ್ಪು, ಅರಿಶಿನ, ಖಾರ, ಹುಣಸೆ ರಸ ಹಚ್ಚಿ ಒಂದಿಷ್ಟು ಹೊತ್ತು ಬಿಟ್ಟು, ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕಾದ ಎಣ್ಣೆಗೆ ಹಾಕಿದರೆ ಎಣ್ಣೆ ಗೀರುಗಳೊಳಗೆ ಇಳಿದು ತುಂಡಾದ ಮುಳ್ಳುಗಳನ್ನು ಗರಿಗರಿ ಮಾಡುತ್ತದೆ. ಜಗಿದರೆ ಪುಡಿಯಾಗುತ್ತವೆ, ಗಂಟಲಿಗೆ ಸಿಕ್ಕುವ ಭಯ ಇರುವುದಿಲ್ಲ. ಚಿಕ್ಕ ಮಕ್ಕಳಿಗೆ ಕೊಡುವಾಗ ಮಾತ್ರ ಒಮ್ಮೆ ಬೆರಳಲ್ಲಿ ಹಿಸುಕಿ ನೋಡಿ ಕೊಡುವುದು ಒಳ್ಳೆಯದು.

ಎರಡನೆಯದು ವಾಸನೆ. ‘ಹಿನ್ನೀರ ಮೀನು ರಾಡಿ ನಾರತೈತಿ’ ಎನ್ನುವವರು ಸುಳ್ಳು ಹೇಳುವುದಿಲ್ಲ. ನಿಂತ ನೀರಿನ ಪಾಚಿ ಮತ್ತು ತಳದ ಕೆಸರಿನ ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಎಂಬ ವಸ್ತುವನ್ನು ಹೊರಬಿಡುತ್ತವೆ. ಮೊದಲ ಮಳೆಗೆ ನಮ್ಮ ಎರೆಹೊಲದಿಂದ ಏಳುವ ಘಮಕ್ಕೂ ಇದೇ ಕಾರಣ. ಮಣ್ಣಿನಲ್ಲಿ ಹಿತವಾದದ್ದು ಮೀನಿನ ಕೊಬ್ಬಿನಲ್ಲಿ ಸೇರಿದಾಗ ತಟ್ಟೆಯಲ್ಲಿ ಹಿತವೆನಿಸುವುದಿಲ್ಲ. ಜಿಯೋಸ್ಮಿನ್ ಹುಳಿಗೆ ಒಡೆಯುತ್ತದೆ. ಆದ್ದರಿಂದಲೇ ನದಿ ಮೀನಿನ ಸಾರಿಗೆ ಹುಣಸೆ ಧಾರಾಳವಾಗಿ ಬೀಳುತ್ತದೆ. ಮೀನಿನ ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಉಜ್ಜಿ ತೆಗೆಯುವುದು, ಮಗ್ಗುಲಿನ ಕೆಂಪುಗಪ್ಪು ಮಾಂಸವನ್ನು ಬಿಡಿಸುವುದು, ಪೊರೆಯಿಲ್ಲದ ಮೀನಿನ ಲೋಳೆಯನ್ನು ಬೂದಿ ಇಲ್ಲವೇ ಕಲ್ಲುಪ್ಪು ಹಾಕಿ ತಿಕ್ಕುವುದು, ಜೀವಂತ ಸಿಕ್ಕ ಮೀನನ್ನು ತಿಳಿನೀರಿನಲ್ಲಿ ಒಂದೆರಡು ದಿನ ಬಿಡುವುದು, ಇವೆಲ್ಲ ವಾಸನೆಯನ್ನು ಕಳೆಯುವ ಹಾದಿಗಳೇ. ನಮ್ಮಲ್ಲಿ ಹೇರಳವಾಗಿ ಸಿಗುವ ಪುಂಡಿಪಲ್ಯದ ಹುಳಿಯಲ್ಲೂ ಸಣ್ಣ ಮೀನು ಚೆನ್ನಾಗಿ ಬೇಯುತ್ತದೆ. ಬೆಳ್ಳುಳ್ಳಿ, ಜೀರಿಗೆ, ಒಣಕೊಬ್ಬರಿ, ಬ್ಯಾಡಗಿ ಖಾರ ಅರೆದು ಹಾಕಿ, ಸೌಟು ಆಡಿಸದೆ ಪಾತ್ರೆಯನ್ನೇ ಹಿಡಿದು ತೂಗಿ ಇಳಿಸಿದರೆ ಮೀನು ಒಡೆಯುವುದಿಲ್ಲ. ಸಜ್ಜಿ ರೊಟ್ಟಿಯ ಜೊತೆ ಅದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ.

ಈ ಹುಳಿಯ ತಿಳಿವಳಿಕೆ ಹೊಸದಲ್ಲ. ಬಾದಾಮಿಯ ಚಾಲುಕ್ಯರ ವಂಶವೆಂದೇ ಹೇಳಿಕೊಂಡ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ ಎಂಬ ದೊರೆ ಇದ್ದ. ಸುಮಾರು 1130ರ ಹೊತ್ತಿಗೆ ಅವನ ಹೆಸರಿನಲ್ಲಿ ಸಿದ್ಧವಾದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಗಾಳ ಹಾಕಿ ಮೀನು ಹಿಡಿಯುವುದಕ್ಕೆಂದೇ ‘ಮತ್ಸ್ಯವಿನೋದ’ ಎಂಬ ಭಾಗವಿದೆ. ಮೀನುಗಳನ್ನು ಪೊರೆ ಇರುವವು, ಇಲ್ಲದವು, ಕಡಲಿನವು, ಹೊಳೆಯವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ ಕೊಡಬೇಕು ಎಂಬುದನ್ನೂ ಅದು ಹೇಳುತ್ತದೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಇದರ ಮೇಲೆ ಬರೆದ ಮೇಲೆ ವಿಜ್ಞಾನಿಗಳ ಗಮನವೂ ಇತ್ತ ಹರಿಯಿತು. ಅದೇ ಗ್ರಂಥದ ಅಡುಗೆಯ ಭಾಗದಲ್ಲಿ ಮೀನಿನ ಹೋಳುಗಳನ್ನು ತೊಳೆದು, ಹುಣಸೆ ರಸದಲ್ಲಿ ಬೇಯಿಸಿ, ಗೋಧಿ ಹಿಟ್ಟು ಉದುರಿಸಿ ಎಣ್ಣೆಯಲ್ಲಿ ಕರಿಯುವ ಕ್ರಮವೂ ಬರುತ್ತದೆ. ಅರಮನೆಯ ಅಡುಗೆಮನೆ ಮತ್ತು ಅಂಬಿಗರ ಒಲೆ ಎರಡೂ ಒಂದೇ ಉಪಾಯವನ್ನು ಬಲ್ಲವು. ಹೊಳೆಯ ಮೀನನ್ನು ಜಾತಿ ಜಾತಿಯಾಗಿ ಗುರುತಿಸಿ ಉಣ್ಣುವ ಅಭ್ಯಾಸ ಈ ನಾಡಿಗೆ ಹೊರಗಿನಿಂದ ಬಂದದ್ದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಹಾವುಮೀನು. ಅದು ಹಾವೂ ಅಲ್ಲ, ಅದರಲ್ಲಿ ವಿಷವೂ ಇಲ್ಲ. ಕಿವಿರು, ರೆಕ್ಕೆ ಎರಡೂ ಇರುವ ಅಪ್ಪಟ ಮೀನು. ಬೆನ್ನಿನ ಮೇಲೆ ಸಾಲಾಗಿ ಚಿಕ್ಕ ಚೂಪು ಮುಳ್ಳುಗಳಿರುವುದರಿಂದ ಬರಿಗೈಯಲ್ಲಿ ಹಿಡಿದವರಿಗೆ ಗಾಯವಾಗುತ್ತದೆ, ವಿಷದ ಮಾತು ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಬಟ್ಟೆಯಲ್ಲಿ ಹಿಡಿದು, ಬೂದಿ ತಿಕ್ಕಿ, ಚರ್ಮ ಸುಲಿದು ತುಂಡು ಮಾಡಿದರೆ ಬಿಗಿಯಾದ, ಸಿಹಿಯಾದ ಮಾಂಸ ಸಿಗುತ್ತದೆ. ನಮ್ಮಲ್ಲಿ ದಂಡೆಗೆ ಎಸೆಯುವ ಇದೇ ಬಗೆಯ ಮೀನನ್ನು ಬಂಗಾಳದ ಪೇಟೆಯಲ್ಲಿ ಒಳ್ಳೆಯ ಬೆಲೆ ಕೊಟ್ಟು ಒಯ್ಯುತ್ತಾರೆ. ಚಪ್ಪಟೆ ಮೈಯ, ಗೂನುಬೆನ್ನಿನ ಚಪ್ಪಲಿಮೀನಿನ ಕಥೆಯೂ ಅಂಥದೇ. ಬೆನ್ನಿನ ಭಾಗದ ತುಂಬ ಮುಳ್ಳಿರುವುದರಿಂದ ಅದನ್ನು ಹೋಳು ಮಾಡಿ ತಿನ್ನುವುದು ಕಷ್ಟ. ಅದರ ದೊಡ್ಡ ದಾಯಾದಿ ಚಿತಲ್ ಮೀನಿಗೆ ಬಂಗಾಳಿಗಳು ಕಂಡುಕೊಂಡ ದಾರಿ ನಮಗೂ ಒದಗುತ್ತದೆ. ಚರ್ಮ ಬಿಡಿಸಿ, ಚಮಚದಿಂದ ಮಾಂಸವನ್ನು ಮುಳ್ಳಿನ ಓಟಕ್ಕೆ ಸರಿಯಾಗಿ ಕೆರೆದರೆ ಮುಳ್ಳು ಹಿಂದೆ ಉಳಿಯುತ್ತದೆ. ಕೆರೆದ ಮಾಂಸಕ್ಕೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಕಲಸಿ ಉಂಡೆ ಕಟ್ಟಿ ಕರಿದು ಸಾರಿಗೆ ಬಿಡಬಹುದು.

ಎಚ್ಚರ ಬೇಕಾದ ಕಡೆ ಎಚ್ಚರವನ್ನೂ ಹೇಳಬೇಕು. ಚೇಳುಮೀನಿನ ಎದೆಯ ರೆಕ್ಕೆಯ ಮುಳ್ಳಿನಲ್ಲಿ ನಿಜವಾಗಿಯೂ ವಿಷವಿದೆ. ಅದು ಚುಚ್ಚಿದರೆ ವಿಪರೀತ ನೋವು. ಚರ್ಮ ಸುಡದಷ್ಟು ಬಿಸಿಯಾದ ನೀರಿನಲ್ಲಿ ಕೈಯನ್ನು ಅದ್ದಿಟ್ಟರೆ ನೋವು ಇಳಿಯುತ್ತದೆ. ಊತ ಏರಿದರೆ ಡಾಕ್ಟರ ಬಳಿ ಹೋಗಲೇಬೇಕು. ಮಾಂಸದಲ್ಲಿ ಮಾತ್ರ ವಿಷ ಇಲ್ಲ, ಮುಳ್ಳು ಕಡಿದು ತೆಗೆದರೆ ಅದು ಒಳ್ಳೆಯ ಊಟ. ಎರಡನೆಯ ಎಚ್ಚರ ಇದಕ್ಕಿಂತ ದೊಡ್ಡದು, ಅದು ಜನಪ್ರಿಯ ಮೀನುಗಳಿಗೇ ಸೇರಿದ್ದು. ರೋಹು, ಕಾಟ್ಲಾದಂಥ ಗೆಂಡೆ ಜಾತಿಯ ಮೀನಿನ ಪಿತ್ತಕೋಶವನ್ನು ಔಷಧವೆಂದು ಹಸಿಯಾಗಿ ನುಂಗಿ ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದವರ ಪ್ರಕರಣಗಳು ನಮ್ಮ ದೇಶದಲ್ಲೇ ದಾಖಲಾಗಿವೆ. ಮೀನು ಯಾವುದೇ ಇರಲಿ, ಹಸಿರು ಪಿತ್ತದ ಚೀಲವನ್ನು ಒಡೆಯದಂತೆ ತೆಗೆದು ಎಸೆಯಬೇಕು. ಮೂರನೆಯದಾಗಿ, ಸತ್ತು ತೇಲುವ ಮೀನನ್ನು, ಹೊಲಸು ನೀರು ಸೇರುವ ಕಡೆ ಹಿಡಿದದ್ದನ್ನು ಮುಟ್ಟಬಾರದು. ಸಣ್ಣ ಮೀನು ದೊಡ್ಡದಕ್ಕಿಂತ ಬೇಗ ಕೆಡುತ್ತದೆ. ಬೆಳಿಗ್ಗೆ ಹಿಡಿದದ್ದು ಮಧ್ಯಾಹ್ನದೊಳಗೆ ಒಲೆ ಏರಬೇಕು, ಇಲ್ಲವೇ ಐಸ್ ಸೇರಬೇಕು. ಕಿವಿರು ಕೆಂಪಗೆ, ಕಣ್ಣು ತಿಳಿಯಾಗಿ ಇರುವುದನ್ನೇ ಕೊಳ್ಳಿ.

ಇಷ್ಟು ಹೊತ್ತು ಹೇಳಿದ್ದು ನಮ್ಮ ಹೊಳೆಯ ಮೀನುಗಳ ಬಗ್ಗೆ. ಜಿಲೇಬಿ ಅಂದರೆ ತಿಲಾಪಿಯಾ ಹಾಗಲ್ಲ. ಪೂರ್ವ ಆಫ್ರಿಕಾದ ನದಿಗಳ ಈ ಮೀನನ್ನು ಭಾರತಕ್ಕೆ ತಂದದ್ದು 1952ರಲ್ಲಿ. ನಮ್ಮ ದೊಡ್ಡ ಗೆಂಡೆಗಳು ಮಳೆಗಾಲದಲ್ಲಿ ಹೊಸನೀರು ಹರಿದಾಗ ವರ್ಷಕ್ಕೊಮ್ಮೆ ಮೊಟ್ಟೆ ಇಡುತ್ತವೆ, ನಿಂತ ನೀರಿನಲ್ಲಿ ಇಡುವುದಿಲ್ಲ. ಜಿಲೇಬಿಗೆ ಹರಿವು ಬೇಕಿಲ್ಲ. ಹುಟ್ಟಿದ ಕೆಲವೇ ತಿಂಗಳಿಗೆ ಮೊಟ್ಟೆಗೆ ಬರುತ್ತದೆ, ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತದೆ, ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಅಣೆಕಟ್ಟೆ ಕಟ್ಟಿ ನಾವು ನೀರು ನಿಲ್ಲಿಸಿದಾಗ ಅನುಕೂಲವಾದದ್ದು ಇದಕ್ಕೆ. ಗಾಳಕ್ಕೆ ಬಿದ್ದ ಅಂಗೈಯಗಲದ ಜಿಲೇಬಿಯನ್ನು ‘ಸಣ್ಣದು’ ಎಂದು ಕನಿಕರದಿಂದ ನೀರಿಗೆ ಬಿಟ್ಟರೆ, ಆಗಲೇ ಮರಿ ಮಾಡುವ ವಯಸ್ಸಿಗೆ ಬಂದ ಮೀನನ್ನು ಬಿಟ್ಟಂತಾಗುತ್ತದೆ. ಆ ಕನಿಕರಕ್ಕೆ ಬೆಲೆ ತೆರುವುದು ಅದೇ ಮೇವು, ಅದೇ ಜಾಗಕ್ಕೆ ಕಾದಾಡುವ ನಮ್ಮ ಮೀನುಗಳು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಹಿಡಿದ ತಿಲಾಪಿಯಾವನ್ನು ಜೀವಂತವಾಗಿ ನೀರಿಗೆ ಮರಳಿಸುವುದು ಕಾನೂನಿನ ಪ್ರಕಾರವೇ ಅಪರಾಧ. ನಮಗೆ ಕಾನೂನಿನವರೆಗೆ ಹೋಗಬೇಕಾಗಿಲ್ಲ, ಬಾಣಲೆ ಸಾಕು. ಗೆಂಡೆಯಲ್ಲಿರುವ ಕವಲುಮುಳ್ಳು ಜಿಲೇಬಿಯಲ್ಲಿ ಇಲ್ಲವೇ ಇಲ್ಲ, ಮಾಂಸ ಬೆಳ್ಳಗೆ, ಮೃದುವಾಗಿ ಇರುತ್ತದೆ. ಮುಳ್ಳಿಗೆ ಹೆದರುವವರು, ಮಕ್ಕಳಿಗೆ ಮೀನು ತಿನ್ನಿಸುವುದನ್ನು ಕಲಿಸುವವರು ಮೊದಲು ಕೈ ಹಾಕಬೇಕಾದ್ದು ಇದಕ್ಕೇ.

ಆಫ್ರಿಕಾದ ಕ್ಯಾಟ್‌ಫಿಶ್ ಬಗ್ಗೆಯೂ ಕೇಳುತ್ತಾರೆ. ಅದರ ಸಾಕಣೆಗೆ ದೇಶದಲ್ಲಿ ನಿಷೇಧವಿದೆ. ಹೊಂಡಗಳಲ್ಲಿ ಕಸಾಯಿಖಾನೆಯ ಹೊಲಸು ಹಾಕಿ ಕದ್ದು ಬೆಳೆಸಿದ್ದನ್ನು ಕೊಳ್ಳಬೇಡಿ, ಅದು ಆರೋಗ್ಯಕ್ಕೂ ಕೆಟ್ಟದ್ದು, ತಪ್ಪಿಸಿಕೊಂಡರೆ ಹೊಳೆಗೂ ಕೆಟ್ಟದ್ದು. ಕಂಡದ್ದನ್ನೆಲ್ಲ ನುಂಗುವ ಈ ಮೀನು ಹೊಳೆಯಲ್ಲಿ ಗಾಳಕ್ಕೆ ಬಿದ್ದರೆ ಯಾವ ಕಾರಣಕ್ಕೂ ಮರಳಿ ಬಿಡಬೇಡಿ.

ಸಣ್ಣ ಮೀನಿನ ಪರವಾಗಿ ನಾನು ಇಷ್ಟು ಮಾತಾಡುವುದಕ್ಕೆ ರುಚಿಯೊಂದೇ ಕಾರಣವಲ್ಲ. ದೊಡ್ಡ ಮೀನಿನಲ್ಲಿ ನಾವು ಹೋಳನ್ನು ತಿಂದು ತಲೆ, ಎಲುಬು ಬಿಡುತ್ತೇವೆ. ಸಣ್ಣ ಮೀನನ್ನು ತಲೆ, ಮುಳ್ಳು, ಕಣ್ಣು ಸಮೇತ ತಿನ್ನುತ್ತೇವೆ. ಸುಣ್ಣದ ಅಂಶ, ಕಬ್ಬಿಣ, ಸತು, ಎ ಜೀವಸತ್ವ ಸೇರಿಕೊಂಡಿರುವುದು ಆ ಭಾಗಗಳಲ್ಲೇ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹೊಂಡದ ಸಣ್ಣ ಮೀನುಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಪೌಷ್ಟಿಕತಜ್ಞೆ ಶಕುಂತಲಾ ಹರಕ್‌ಸಿಂಗ್ ಥಿಲ್‌ಸ್ಟೆಡ್ ಅವರು ಇದನ್ನು ಅಂಕಿಅಂಶ ಸಮೇತ ತೋರಿಸಿದರು. ಕಳೆಯೆಂದು ವಿಷ ಹಾಕಿ ಸಾಯಿಸುತ್ತಿದ್ದ ಸಣ್ಣ ಮೀನುಗಳನ್ನು ಗೆಂಡೆಯ ಜೊತೆಗೇ ಬೆಳೆಸುವಂತೆ ರೈತರ ಮನ ಒಲಿಸಿದ ಆ ಕೆಲಸಕ್ಕೆ 2021ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಬಸುರಿ, ಬಾಣಂತಿಯರ ರಕ್ತಹೀನತೆ ನಮ್ಮ ಉತ್ತರ ಕರ್ನಾಟಕದ ಮನೆಮನೆಯ ನೋವು. ಮೀನು ತಿನ್ನುವ ಮನೆಗಳಲ್ಲಾದರೂ ಮನೆಯ ಮುಂದಿನ ಹೊಳೆ ಕೊಡುವ ಈ ಪೌಷ್ಟಿಕತೆಯನ್ನು ದಂಡೆಯ ಮೇಲೆ ಕೊಳೆಯಲು ಬಿಡುವುದು ನನಗೆ ಸರಿ ಕಾಣುವುದಿಲ್ಲ. ಮೀನು ಮುಟ್ಟದ ಮನೆಗಳೂ ನಮ್ಮಲ್ಲಿ ಬಹಳ ಇವೆ, ಅವರ ನಡೆಯ ಬಗ್ಗೆ ನನಗೆ ಪೂರ್ತಿ ಗೌರವವಿದೆ. ಈ ಬರಹ ಈಗಾಗಲೇ ತಿನ್ನುವವರಿಗೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವೂ ಇದೆ, ಅದನ್ನು ಮರೆಮಾಚಬಾರದು. ಸಣ್ಣ ಮೀನಿಗೆ ಬೆಲೆ ಬಂದರೆ ಜನ ಸಣ್ಣ ಕಣ್ಣಿನ ಬಲೆ, ಸೊಳ್ಳೆಪರದೆ ಬಲೆ ಎಳೆಯಲು ಶುರು ಮಾಡುತ್ತಾರೆ, ಅದರಲ್ಲಿ ದೊಡ್ಡ ಜಾತಿಯ ಮೀನಿನ ಮರಿಗಳೂ ನಾಶವಾಗುತ್ತವೆ ಎಂಬುದು ಮೀನುಗಾರಿಕೆ ಬಲ್ಲವರ ಆತಂಕ. ಆ ಆತಂಕ ನ್ಯಾಯವಾದದ್ದು. ನನ್ನ ಕೋರಿಕೆ ಹೊಸ ಬಲೆ ಹಾಕಿ ಎಂದಲ್ಲ. ಈಗಾಗಲೇ ಬಲೆಗೆ, ಗಾಳಕ್ಕೆ ಬಿದ್ದು ವ್ಯರ್ಥವಾಗುತ್ತಿರುವುದನ್ನು ಉಣ್ಣಿ ಎಂದು. ಹಾಗೆಯೇ ನೀರಿಗೆ ಬಿಡಲೇಬೇಕಾದವೂ ಇವೆ. ರೋಹು, ಕಾಟ್ಲಾ ಎರಡು ವರ್ಷ ತುಂಬುವ ಹೊತ್ತಿಗೆ ಮೊಟ್ಟೆಗೆ ಬರುವ ಮೀನುಗಳು. ಗೇಣುದ್ದದ ಮರಿಯನ್ನು ‘ರೋಹು ಸಿಕ್ತು’ ಎಂದು ಹಿಗ್ಗಿ ಚೀಲಕ್ಕೆ ಹಾಕಿಕೊಳ್ಳುವುದು ನಮ್ಮ ದೊಡ್ಡ ತಪ್ಪು. ಅದನ್ನು ಕೈ ಒದ್ದೆ ಮಾಡಿಕೊಂಡು ಹಿಡಿದು, ಗಾಳ ನಿಧಾನ ಬಿಡಿಸಿ, ನೀರಿಗೆ ಇಳಿಸಬೇಕು. ಮಹಸೀರ್ ಸಿಕ್ಕರೆ ಗಾತ್ರ ಎಷ್ಟೇ ಇರಲಿ ಬಿಡಬೇಕು. ಬಾಳೆಮೀನು ಅಪಾಯದ ಅಂಚಿನ ಮೀನುಗಳ ಜಾಗತಿಕ ಪಟ್ಟಿಗೆ ಸೇರಿದೆ, ಅದರ ಮರಿಗಳನ್ನೂ ಬಿಡಬೇಕು. ಮಿರಗ, ಆರಿದ್ರಾ ಮಳೆಗೆ ಹೊಟ್ಟೆ ತುಂಬ ಮೊಟ್ಟೆ ಹೊತ್ತು ಹೊಸನೀರಿಗೆ ಎದುರು ಏರುವ ನಮ್ಮ ಮೀನನ್ನು ಹಿಡಿಯದೇ ಇರುವುದು ಉತ್ತಮ. ಗಾಳ ಸುತ್ತಿಟ್ಟು ಆ ಕೆಲವು ವಾರ ಮನೆಯಲ್ಲಿ ಇದ್ದರೆ ಹಬ್ಬದ ಹೊತ್ತಿಗೆ ಹೊಳೆಯೇ ತುಂಬಿಕೊಡುತ್ತದೆ.

ಬದಲಾವಣೆ ಅಡುಗೆಮನೆಯಲ್ಲಿ ಶುರುವಾದರೂ ಪೇಟೆಯವರೆಗೆ ತಲುಪದೆ ನಿಲ್ಲುವುದಿಲ್ಲ. ದೊಡ್ಡ ಹೊಳೆಯಿಂದ ದೂರದ ಇಳಕಲ್ಲಿನಂಥ ಊರಿಗೆ ಸಣ್ಣ ಮೀನು ಬಾರದೇ ಇರುವುದಕ್ಕೆ ಜನರ ಅರುಚಿಗಿಂತ ಹೆಚ್ಚಾಗಿ ಬೇಗ ಕೆಡುವ ಅದರ ಗುಣ ಕಾರಣ. ದಂಡೆಯಲ್ಲಿ ಐಸ್ ಪೆಟ್ಟಿಗೆ, ನೆಲದ ಮೇಲೆ ಹರಡುವ ಬದಲು ಎತ್ತರದ ಅಟ್ಟಣೆಯಲ್ಲಿ ಉಪ್ಪು ಹಾಕಿ ಒಣಗಿಸುವ ವ್ಯವಸ್ಥೆ, ಇವಕ್ಕೆ ದೊಡ್ಡ ಹಣ ಬೇಕಿಲ್ಲ. ನಮ್ಮ ಬಿಸಿಲು ಒಣಮೀನಿಗೆ ಹೇಳಿ ಮಾಡಿಸಿದ್ದು. ಮೀನುಗಾರರ ಸಹಕಾರ ಸಂಘಗಳು ಇದನ್ನು ಕೈಗೆತ್ತಿಕೊಳ್ಳಲಿ. ಸರಕಾರದ ಮೀನುಗಾರಿಕೆ ನಿಗಮ ನಡೆಸುವ ಮತ್ಸ್ಯದರ್ಶಿನಿಗಳಲ್ಲಿ ಹಿನ್ನೀರಿನ ಜಿಲೇಬಿ, ಗರಿಗರಿ ಸಣ್ಣ ಮೀನು, ಹಾವುಮೀನಿನ ಸಾರು ಸಿಗುವಂತಾದರೆ ಉಳಿದ ಹೋಟೆಲುಗಳೂ ಹಿಂಬಾಲಿಸುತ್ತವೆ.

ಓದುಗರಾದ ನಿಮ್ಮಿಂದ ಆಗಬೇಕಾದ ಕೆಲಸ ಇನ್ನೂ ಸುಲಭ. ಮುಂದಿನ ಸಲ ಮೀನು ಕೊಳ್ಳಲು ಹೋದಾಗ ರೋಹುವಿನ ಬೆಲೆ ಕೇಳುವ ಮೊದಲು ಬದಿಗೆ ಸರಿಸಿಟ್ಟ ಬುಟ್ಟಿಯಲ್ಲಿ ಏನಿದೆ ಎಂದು ವಿಚಾರಿಸಿ. ಬಲ್ಲ ಮೀನಿದ್ದರೆ ಅರ್ಧ ಕಿಲೋ ಕೊಳ್ಳಿ, ಚೌಕಾಸಿ ಮಾಡದೆ ಕೊಳ್ಳಿ. ಹೇಗೆ ಮಾಡುವುದೆಂದು ಮಾರುವ ಹೆಣ್ಣುಮಗಳನ್ನೇ ಕೇಳಿ, ಅವರಷ್ಟು ಚೆನ್ನಾಗಿ ಹೇಳಿಕೊಡುವವರು ಬೇರೆ ಇಲ್ಲ. ಎಸೆಯುವ ಮೀನಿಗೆ ನಾಲ್ಕು ಕಾಸು ಸಿಕ್ಕಿದರೆ, ಎಳೆಯ ರೋಹುವನ್ನು ಅವಸರಕ್ಕೆ ಹಿಡಿದು ಮಾರುವ ಒತ್ತಡ ಹಿಡಿಯುವವರ ಮೇಲೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಹೊಳೆಯ ಮೀನು ಉಳಿಯುವುದಕ್ಕೆ ಕಾನೂನು, ಅಧಿಕಾರಿಗಳು, ಬಿತ್ತನೆ ಎಲ್ಲವೂ ಬೇಕು. ಅವುಗಳ ಜೊತೆಗೆ, ಹೊಳೆಯಲ್ಲಿ ಏನೇನು ಇದೆ ಎಂದು ಬಲ್ಲ ಊಟಗಾರರೂ ಬೇಕು.